ಹುಸಿ ಬೆಸುಗೆ

ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಪ್ಲಗ್ಗಿಗೆ ಮುಟ್ಟಿಸಿದಾಗ ಏಳು ಪಾಯಿಂಟ್ ಎಂಟು ವೋಲ್ಟ್ ತೋರಿಸಿತು. ವರ್ಷದಿಂದ ಮೂಲೆ ಸೇರಿದ್ದ ಬ್ಯಾಟರಿಗೆ ಅದು ಧಾರಾಳವಾಯಿತು. ರಿಪೇರಿಯವನು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟ: ಇದನ್ನು ತಂದವರದೇ ಕೈತಪ್ಪು.

"ಬ್ಯಾಟರಿ ಚೆನ್ನಾಗಿದೆ" ಎಂದ.

ಮೇಜಿನ ಆಚೆ ಕೂತಿದ್ದವರು ಉಸಿರು ಬಿಟ್ಟರು. "ಅಂದ್ರೆ ಕೈತಪ್ಪೇ ಅಲ್ವಾ ಸಾರ್?"

"ಅವಸರ ಮಾಡ್ಬೇಡಿ. ಇನ್ನೂ ನೋಡೋದಿದೆ."

ಅವರು ನಿವೃತ್ತ ಬಸ್ ಡ್ರೈವರ್. ಮೂವತ್ತು ವರ್ಷದ ಸರ್ವಿಸ್‌ನಲ್ಲಿ ಒಂದು ಕೋಳಿಗೂ ಬಸ್ ತಾಗಿಸಿದವರಲ್ಲ. ಅಂಗಡಿಯ ಒಳಗೆ ಕಾಲಿಟ್ಟ ಕೂಡಲೇ ಅದನ್ನು ಹೇಳಿದ್ದರು. ನಿವೃತ್ತಿಯಾದ ಮೇಲೆ ಹುಚ್ಚು ಹಿಡಿದದ್ದು ರಿಮೋಟಿನಿಂದ ಹಾರಿಸುವ ಹೆಲಿಕಾಪ್ಟರಿನದು. ಆಟಿಕೆಯಲ್ಲ. ಮೊಳಕ್ಕೂ ಮೀರಿದ ಉದ್ದದ ರೆಕ್ಕೆಗಳು, ಕತ್ತಿಯ ಹರಿತ. ಹೋದ ವರ್ಷ ಊರಾಚೆಯ ಬಯಲಿನಲ್ಲಿ ಅದು ಎರಡು ಸೆಕೆಂಡು ಯಾರ ಮಾತೂ ಕೇಳಲಿಲ್ಲ. ನೇರ ಬಂದದ್ದು ನೀರಿನ ಬಾಟಲಿ ಹಿಡಿದು ನಿಂತಿದ್ದ ಅವರ ಹೆಂಡತಿಯ ಕಡೆಗೆ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಒಬ್ಬಳೇ ಮಗಳು. ಅವತ್ತಿನಿಂದ ಅಪ್ಪನೊಂದಿಗೆ ಮಾತು ಬಿಟ್ಟಿದ್ದಾಳೆ. ಜಂಭ ತೋರಿಸಲು ಹೋಗಿ ಅಮ್ಮನನ್ನು ಕೊಂದಿರಿ ಎನ್ನುವುದು ಅವಳ ವಾದ. ಯಂತ್ರದ ತಪ್ಪೋ ನಿಮ್ಮ ತಪ್ಪೋ, ತಿಳಿದವರ ಬಾಯಿಂದ ಕೇಳಬೇಕು ಎಂದು ಹಟ ಹಿಡಿದು ಇವತ್ತು ಜೊತೆಗೇ ಬಂದಿದ್ದಾಳೆ. ಆದರೆ ಅಪ್ಪನ ಪಕ್ಕ ಕೂರಲಾರೆನೆಂದು ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕಾಯುತ್ತಿದ್ದಾಳೆ.

ರಿಪೇರಿಯವನಿಗೆ ಇಂಥವರನ್ನು ನೋಡಿ ಅಭ್ಯಾಸ. ಇಪ್ಪತ್ತೆರಡು ವರ್ಷಗಳಲ್ಲಿ ಬಿದ್ದ ಹೆಲಿಕಾಪ್ಟರ್ ಹೊತ್ತು ತಂದ ಒಬ್ಬನೂ ರಿಮೋಟ್ ಆಡಿಸಿದ ತನ್ನ ಹೆಬ್ಬೆರಳಿನ ಮೇಲೆ ತಪ್ಪು ಹೊರಿಸಿಕೊಂಡಿದ್ದಿಲ್ಲ. ಇವರೂ ಕೊನೆಗೆ ಹಾಗೇ ಜಾರಿಕೊಳ್ಳುತ್ತಾರೆ ಎಂದುಕೊಂಡ.

ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನ ಜೊತೆಗಿದ್ದ ಸಣ್ಣ ಚಿಪ್‌ನಲ್ಲಿ ಅವತ್ತಿನ ವೋಲ್ಟೇಜ್ ಲೆಕ್ಕ ಉಳಿದಿತ್ತು. ಕಂಪ್ಯೂಟರಿಗೆ ಹಾಕಿದ. ಗೆರೆ ಮಟ್ಟಸವಾಗಿ ಸಾಗಿ ಬಂದು, ಒಂದು ಕಡೆ ಬಾವಿಗೆ ಬಿದ್ದಂತೆ ಮೂರು ವೋಲ್ಟಿಗೆ ಕುಸಿದು, ಕಾಣೆಯಾಗಿತ್ತು. ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ಮತ್ತೆ ಗೆರೆ.

ಅವನು ನೆಟ್ಟಗೆ ಕೂತ. ಬ್ಯಾಟರಿಗೆ ಮೋಟಾರುಗಳ ಭಾರ ಕೊಟ್ಟು ಮತ್ತೆ ಅಳೆದ. ಮೀಟರು ಧೊಪ್ಪನೆ ಇಳಿಯಿತು. ಪ್ಲಗ್ಗಿನ ಮೇಲಿದ್ದ ರಬ್ಬರ್ ಕೊಳವೆ ಸೀಳಿದ. ಒಳಗೆ ಬೆಸುಗೆ ಹೊಳೆಯುತ್ತಿರಲಿಲ್ಲ, ಮಬ್ಬಾಗಿ, ಕಾಳುಕಾಳಾಗಿತ್ತು. ತಂತಿ ಅಂಟಿದಂತೆ ಕಾಣುತ್ತಿತ್ತು, ಅಂಟಿರಲಿಲ್ಲ.

"ಈ ಬೆಸುಗೆ ಎಲ್ಲಿ ಹಾಕಿಸಿದ್ದು?"

ಡ್ರೈವರ್ ಅದನ್ನು ನೋಡಲೇ ಇಲ್ಲ. "ಮನೇಲೇ."

"ಯಜಮಾನ್ರೇ, ತಪ್ಪು ನಿಮ್ಮ ಕೈಯದಲ್ಲ!" ರಿಪೇರಿಯವನ ದನಿಯಲ್ಲಿ ಅವನಿಗೇ ಗೊತ್ತಿಲ್ಲದ ಸಂತೋಷವಿತ್ತು. "ಇದು ಹುಸಿ ಬೆಸುಗೆ. ಸುಮ್ನಿದ್ದಾಗ ವೋಲ್ಟೇಜ್ ಪೂರ್ತಿ ತೋರಿಸುತ್ತೆ. ಮೋಟಾರೆಲ್ಲ ಒಟ್ಟಿಗೆ ಎಳೆದಾಗ ಕೈ ಕೊಡುತ್ತೆ. ಆ ಎರಡು ಸೆಕೆಂಡು ರಿಸೀವರ್ ಸತ್ತಿತ್ತು. ನಿಮ್ಮ ಜಾಗದಲ್ಲಿ ಯಾರಿದ್ರೂ ಏನೂ ಮಾಡೋಕಾಗ್ತಿರ್ಲಿಲ್ಲ. ಮಗಳನ್ನ ಕರೀರಿ, ನಾನೇ ಹೇಳ್ತೀನಿ."

ಡ್ರೈವರರ ಮುಖ ಬಿಳಿಚಿಕೊಂಡಿತು. "ಬೇಡ ಸಾರ್. ಬ್ಯಾಟರಿ ಚೆನ್ನಾಗಿದೆ ಅಂದ್ರಲ್ಲ ಆಗ್ಲೇ. ಅಷ್ಟೇ ಹೇಳಿ ಸಾರ್. ನನ್ನ ಕೈತಪ್ಪು ಅನ್ನಿ."

"ಸುಳ್ಳು ಹೇಳು ಅಂತೀರಾ? ನನ್ನ ಕೈಲಾಗಲ್ಲ."

ಬಾಗಿಲ ಸದ್ದಾಯಿತು. ಇಪ್ಪತ್ತರ ಆಸುಪಾಸಿನ ಹುಡುಗಿ. ಒಳಗೆ ಬಂದವಳು ಅಪ್ಪನತ್ತ ತಿರುಗಿಯೂ ನೋಡದೆ ಕೇಳಿದಳು, "ಏನು ಗೊತ್ತಾಯ್ತು?"

ರಿಪೇರಿಯವನು ಬಾಯಿ ತೆರೆದ. ಮೇಜಿನ ಕೆಳಗೆ ಒರಟು ಕೈಯೊಂದು ಅವನ ಮಣಿಕಟ್ಟನ್ನು ಹಿಡಿದುಕೊಂಡಿತು. ಹಿಡಿತ ಬಿಗಿಯಾಗಿತ್ತು.

"ಬ್ಯಾಟರಿ, ತಂತಿ ಎಲ್ಲ ಸರಿ ಇತ್ತಂತೆ, ಪುಟ್ಟೀ" ಎಂದರು ಡ್ರೈವರ್. "ನಾನೇ ಎಡವಿದ್ದು."

ಅವಳು ರಿಪೇರಿಯವನನ್ನೇ ದಿಟ್ಟಿಸಿದಳು. "ಹೌದಾ?"

ಮಣಿಕಟ್ಟು ಹಿಡಿದ ಆ ಕೈಯನ್ನು ಕೊಡವಿಕೊಳ್ಳಲು ಅವನಿಂದಾಗಲಿಲ್ಲ.

"ಹೌದಮ್ಮ" ಎಂದ.

ಅವಳು ವರ್ಷದ ಮೇಲೆ ಮೊದಲ ಸಲ ಅಪ್ಪನತ್ತ ತಿರುಗಿದಳು.

"ನಾನು ಚಿಕ್ಕಮ್ಮನ ಮನೆಗೆ ಹೋಗ್ತೀನಿ. ಅಲ್ಲಿಂದಲೇ ಕಾಲೇಜು. ಹುಡುಕ್ಕೊಂಡು ಬರಬೇಡಿ."

ಬೀದಿ ದಾಟಿ ಅವಳು ಬಸ್ ಹತ್ತುವುದು ಗಾಜಿನಾಚೆ ಕಾಣಿಸಿತು. ಬಸ್ ತಿರುವಿನಲ್ಲಿ ಮರೆಯಾಗುವವರೆಗೂ ಡ್ರೈವರ್ ನೋಡುತ್ತಲೇ ಇದ್ದರು. ಆಮೇಲೆ ಹಿಡಿದ ಮಣಿಕಟ್ಟನ್ನು ಬಿಟ್ಟರು.

ರಿಪೇರಿಯವನಿಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯರ್ರೀ ನೀವು? ಇದ್ದೊಬ್ಬ ಮಗಳನ್ನೂ ಕಳ್ಕೊಂಡ್ರಲ್ಲ! ಒಂದು ಮಾತು ನಿಜ ಹೇಳಿದ್ರೆ ಏನು ಹೋಗ್ತಿತ್ತು?"

"ನನಗೆ ಹತ್ತಿರದ್ದು ಕಾಣಲ್ಲ ಸಾರ್" ಎಂದರು ಡ್ರೈವರ್. "ಅವತ್ತು ಬೆಳಿಗ್ಗೆ ಆ ಬೆಸುಗೆ ಹಾಕಿಕೊಟ್ಟಿದ್ದು ಅವಳು."