ಹತ್ತು ಗಂಟೆಯ ನೂಕುನುಗ್ಗಲು

"ಇದೇನ್ರೀ ಇದು, ಸಂತೆ ನೆರೆಸಿಬಿಟ್ಟಿದ್ದೀರಿ!" ಎನ್ನುತ್ತಲೇ ಪರೀಕ್ಷಾ ಮಂಡಳಿಯ ನಿರ್ದೇಶಕರು ಸರ್ವರ್ ಕೋಣೆಗೆ ಕಾಲಿಟ್ಟರು. ನಾಲ್ಕು ಸಾಲು ಯಂತ್ರಗಳು ಗುಂಯ್‌ಗುಡುತ್ತಿದ್ದವು. ಎಲ್ಲವೂ ಬಾಡಿಗೆಯವು. "ಸಾಲದ್ದಕ್ಕೆ ಎರಡೆರಡು ಇಂಟರ್ನೆಟ್ ಲೈನ್ ಬೇರೆ. ಯಾರ ಮದುವೆಗೆ ಇಷ್ಟೆಲ್ಲ?"

ಇವನ್ನೆಲ್ಲ ಹಟ ಹಿಡಿದು ತರಿಸಿದ ಇಂಜಿನಿಯರ್ ಮೂಲೆಯ ಮೇಜಿನಿಂದ ಎದ್ದು ನಿಂತಳು. "ಸಾವಿರದಿನ್ನೂರು ಟೀಚರ್‌ಗಳಿಗೆ ಸರ್. ಇವತ್ತಿನಿಂದ ಅವರು ಮನೇಲೇ ಕೂತು ಉತ್ತರ ಪತ್ರಿಕೆ ತಿದ್ದುತ್ತಾರೆ. ಪತ್ರಿಕೆ ಈ ಕೋಣೆ ಬಿಟ್ಟು ಕದಲಲ್ಲ, ಅವರಿಗೆ ಕಾಣೋದು ಪರದೆ ಮೇಲಿನ ಚಿತ್ರ ಮಾತ್ರ. ಅಷ್ಟು ಜನರ ಭಾರವನ್ನೂ ಇವೇ ಹೊರಬೇಕು."

"ಅಷ್ಟು ಜನ ಒಂದೇ ಸಲ ಎಲ್ಲಿ ಕೆಲಸ ಮಾಡ್ತಾರ್ರೀ? ಯಾವ ಆಫೀಸಲ್ಲಾದ್ರೂ ನೋಡಿ. ಒಬ್ಬ ಲೇಟು, ಒಬ್ಬ ಕಾಫಿಗೆ ಎದ್ದಿರ್ತಾನೆ, ಇನ್ನೊಬ್ಬ ಕೂತಲ್ಲೇ ತೂಕಡಿಸ್ತಿರ್ತಾನೆ. ನಾನೂರು ಜನಕ್ಕೆ ಆಗೋಷ್ಟಿದ್ರೆ ಧಾರಾಳ. ಇವತ್ತು ಇವು ಸುಮ್ನೆ ನಿಂತಿದ್ದು ನನ್ನ ಕಣ್ಣಿಗೆ ಬಿತ್ತೋ, ಸಂಜೆಗೆ ಅರ್ಧ ವಾಪಸ್."

"ಇವರು ಆಫೀಸಿನವರಲ್ಲ ಸರ್, ಟೀಚರ್‌ಗಳು. ಗಂಟೆ ಹೊಡೆದ್ರೆ ಎಲ್ಲರೂ ಒಟ್ಟಿಗೇ ಶುರು ಮಾಡ್ತಾರೆ."

ನಿರ್ದೇಶಕರು ನಕ್ಕುಬಿಟ್ಟರು. ಅವಳಿಗೆ ಮೈಯೆಲ್ಲ ಉರಿಯಿತು. ಟೀಚರ್ ಹೊಟ್ಟೆಯಲ್ಲಿ ಹುಟ್ಟಿ, ಟೀಚರ್ ಕೈಯಲ್ಲಿ ಏಟು ತಿಂದು ಬೆಳೆದವಳಿಗೆ ಟೀಚರ್‌ಗಳ ವಿಷಯ ಹೇಳಿಕೊಡಲು ಬಂದರಲ್ಲ ಈ ಮಹಾನುಭಾವರು!

ಹತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ಅವಳ ಫೋನ್ ಬಡಿದುಕೊಂಡಿತು. ಅಮ್ಮ. ಲೆಕ್ಕದ ಟೀಚರ್, ಆ ಸಾವಿರದಿನ್ನೂರರಲ್ಲಿ ಒಬ್ಬರು.

"ನಾನು ಲಾಗಿನ್ ಆಗಿ ಕೂತಾಯ್ತು ಕಣೇ."

"ಶುರುವಾಗೋದು ಹತ್ತಕ್ಕಲ್ವೇನಮ್ಮಾ?"

"ಹತ್ತಕ್ಕೆ ಶುರು ಅಂದ್ರೆ ಹತ್ತಕ್ಕೆ ಓಡಿ ಬರೋದಾ? ನಾವೇನು ಮಕ್ಕಳಾ?" ಅಮ್ಮ ದನಿ ತಗ್ಗಿಸಿದರು. "ನೋಡೇ, ನಮ್ಮ ಸ್ಕೂಲಲ್ಲಿ ಒಬ್ಬರಿಗೂ ಇದು ಇಷ್ಟವಿಲ್ಲ. ಹಳೇ ಥರ ತಿದ್ದೋ ಕೇಂದ್ರಕ್ಕೇ ಹೋಗಿ ಪತ್ರಿಕೆ ಕಟ್ಟು ಬಿಚ್ಚೋಣ ಅಂತ ಹಾರಾಡಿದ್ರು. ನನ್ನ ಮಗಳು ಕಟ್ಟಿದ್ದು, ಮಧ್ಯದಲ್ಲಿ ನಿಲ್ಲೋ ಮಾತೇ ಇಲ್ಲ ಅಂತ ಸ್ಟಾಫ್‌ರೂಮಿನಲ್ಲಿ ಎದೆ ತಟ್ಟಿ ಹೇಳಿಬಿಟ್ಟಿದ್ದೀನಿ. ಅಕಸ್ಮಾತ್ ನಿಂತ್ರೆ ನಾನು ಅವರಿಗೆ ಮುಖ ತೋರಿಸೋ ಹಾಗಿಲ್ಲ."

"ನಿಲ್ಲಲ್ಲ ಕಣಮ್ಮಾ. ನೀನು ಆರಾಮಾಗಿ ತಿದ್ದು."

ಬಾಯಲ್ಲಿ ಹೇಳಿದಳೇ ಹೊರತು ಒಳಗೊಳಗೇ ಅಳುಕಿತ್ತು. ನಿರ್ದೇಶಕರ ಬೈಗುಳ ಹೇಗೋ ತಡೆದುಕೊಳ್ಳಬಹುದು. ಅಮ್ಮ ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದನ್ನು ಮಾತ್ರ ಸಹಿಸಲಾಗದು.

ಪರದೆಯ ಮೇಲೆ ಹಸಿರು ಗೆರೆಯೊಂದು ಮೆಲ್ಲಗೆ ಏರುತ್ತಿತ್ತು. ಯಂತ್ರಗಳ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ತೋರಿಸುವ ಗೆರೆ. ಮೇಲುಗಡೆ ಒಂದು ಕೆಂಪು ಗೆರೆ. ಹಸಿರು ಅದನ್ನು ಮುಟ್ಟಿತೆಂದರೆ ಎಲ್ಲರ ಮನೆಯ ಪರದೆಯೂ ಇದ್ದಲ್ಲೇ ಸ್ತಬ್ಧ. ಹತ್ತಕ್ಕೆ ಐದು ನಿಮಿಷವಿರುವಾಗಲೇ ಸಾವಿರದಿನ್ನೂರು ಜನರೂ ಬಂದು ಸೇರಿದ್ದರು. ಹಸಿರು ಗೆರೆ ಅರ್ಧಕ್ಕಿಂತ ಕೆಳಗೇ ಮಲಗಿಬಿಟ್ಟಿತು.

"ನೋಡಿದ್ರಾ?" ನಿರ್ದೇಶಕರು ಕುರ್ಚಿ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿದರು. "ಎಲ್ಲರೂ ಬಂದಾಯ್ತು. ಅರ್ಧಕ್ಕೂ ಏರಿಲ್ಲ. ಸಂಜೆಗೆ ಲಾರಿ ಕರೆಸಿ."

"ಇನ್ನೂ ಗಂಟೆ ಹೊಡೆದಿಲ್ಲ ಸರ್. ಕೈ ಕಟ್ಟಿ ಕೂತಿದ್ದಾರೆ, ಅಷ್ಟೇ."

ಹತ್ತಾಯಿತು. ಸಾವಿರದಿನ್ನೂರು ಕೈಗಳು ಒಟ್ಟಿಗೆ ಮೊದಲ ಪತ್ರಿಕೆ ತೆರೆದವು. ಮಲಗಿದ್ದ ಗೆರೆ ನೆಟ್ಟಗೆ ಎದ್ದು ನಿಂತಿತು. ನಾಲ್ಕೂ ಸಾಲಿನ ಫ್ಯಾನುಗಳು ಒಮ್ಮೆಲೇ ಅಬ್ಬರಿಸಿದವು. ಅರ್ಧ ದಾಟಿತು, ಮುಕ್ಕಾಲು ದಾಟಿತು. "ಅಯ್ಯಯ್ಯೋ, ಏನಾದ್ರೂ ಮಾಡ್ರೀ!" ನಿರ್ದೇಶಕರು ಎದ್ದು ಮೇಜು ಹಿಡಿದುಕೊಂಡರು. ಅವಳು ಬೆರಳು ಕೂಡ ಆಡಿಸಲಿಲ್ಲ. ಈ ಒಂದು ನಿಮಿಷಕ್ಕಾಗಿಯೇ ಅವಳು ಅಷ್ಟೂ ಯಂತ್ರಗಳನ್ನು ತರಿಸಿದ್ದಳು. ಕೆಂಪು ಗೆರೆಗೆ ಬೆರಳಗಲ ಕೆಳಗೆ ಹಸಿರು ನಿಂತಿತು. ಸ್ವಲ್ಪ ನಡುಗಿತು. ಆಮೇಲೆ ನಿಧಾನಕ್ಕೆ ಇಳಿಯತೊಡಗಿತು. ಅವಳು ಹೆಮ್ಮೆಯಿಂದ ನಿರ್ದೇಶಕರ ಕಡೆ ತಿರುಗಿದಳು.

ನಿರ್ದೇಶಕರು ಹಣೆ ಒರೆಸಿಕೊಂಡರು. "ಒಂದನ್ನೂ ವಾಪಸ್ ಕಳಿಸ್ಬೇಡಿ," ಎಂದು ಯಾವ ಕಡೆಗೋ ನೋಡುತ್ತಾ ಹೇಳಿ, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದರು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಅಮ್ಮನಿಗೆ ಫೋನ್ ಮಾಡಿದಳು. ಎಷ್ಟು ಸಲ ಮಾಡಿದರೂ ಬ್ಯುಸಿ. ಕೊನೆಗೂ ಸಿಕ್ಕರು.

"ಏನಂದ್ರಮ್ಮಾ ನಿಮ್ಮವರು?"

"ಏನೂ ಅನ್ನಲಿಲ್ಲ ಕಣೇ!" ಅಮ್ಮನ ದನಿಯಲ್ಲಿ ಸಿಟ್ಟು. "ಎಲ್ಲ ಸರಾಗವಾಗಿ ನಡೀತಲ್ಲ, ಇದನ್ನ ಒಬ್ಬಳು ಮಾಡಿದ್ದಾಳೆ ಅನ್ನೋದು ಒಬ್ಬರಿಗಾದ್ರೂ ಹೊಳೀಬೇಡ್ವಾ? ಅದಕ್ಕೇ ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳ್ತಿದ್ದೀನಿ. ಇನ್ನೂ ಅರ್ಧ ಸ್ಟಾಫ್‌ರೂಮ್ ಬಾಕಿ ಇದೆ, ಇಡು ಫೋನು."