ದೊಡ್ಡ ಮೀನು

ಇಂದುಮತಿ ಗಾಳದ ಕೋಲು ಹಿಡಿದದ್ದು ಅದೇ ಮೊದಲು. ಕೊಕ್ಕೆಗೆ ಎರೆಹುಳ ಚುಚ್ಚಲು ಹೋಗಿ ಬೆರಳಿಗೇ ಚುಚ್ಚಿಕೊಂಡಳು. ಬೀಸಿದ ದಾರ ಒಮ್ಮೆ ಸೆರಗಿಗೇ ಸುತ್ತಿಕೊಂಡಿತು. ಗಂಡ ಜಯವಂತ ನಗುತ್ತ ಬಿಡಿಸಿ, ಬೆಂಡು ಸರಿಮಾಡಿ, ತಾನೇ ಬೀಸಿಕೊಟ್ಟ. ಮೀನು ಅಂದರೆ ಅವನು ಉಣ್ಣುವ ತಟ್ಟೆ ಬಿಟ್ಟು ಎದ್ದು ಬರುವ ಆಸಾಮಿ.

ಅಷ್ಟರಲ್ಲಿ ಅವನ ಗಾಳ ನೀರೊಳಗಿನ ಬೇರಿಗೆ ಸಿಕ್ಕಿಕೊಂಡಿತು. ಬಿಡಿಸಲೆಂದು ಸೊಂಟದವರೆಗೆ ಹೊಳೆಗಿಳಿದು, ದಡದ ಕಡೆ ಮುಖಮಾಡಿ ಬಗ್ಗಿದ.

"ನೀನು ಬೆಂಡಿನ ಮೇಲೆ ಕಣ್ಣಿಟ್ಟಿರು. ಮುಳುಗಿದರೆ ಕೂಗು."

ಅವಳು ಬೆಂಡನ್ನೇ ನೋಡುತ್ತಿದ್ದಳು. ಕತ್ತು ನೋವು ಬಂದು ತಲೆಯೆತ್ತಿದವಳು ಥಟ್ಟನೆ ಎದ್ದು ನಿಂತಳು.

"ರೀ, ದೊಡ್ಡ ಮೀನು! ಬೇಗ ಬನ್ನಿ!"

"ದಾರ ಸಡಿಲ ಬಿಡು. ಇದನ್ನ ಬಿಡಿಸಿ ಬಂದೆ."

"ಆಮೇಲಲ್ಲ, ಈಗಲೇ ಬನ್ನಿ! ಕೋಲು ಕೈತಪ್ಪಿ ಹೋಗ್ತಿದೆ!"

"ಎಷ್ಟು ದೊಡ್ಡದೇ?"

"ನಿಮಗಿಂತ ಉದ್ದ ಇದೆ ಕಣ್ರೀ!"

ಅವನು ಕೈಲಿದ್ದುದನ್ನು ಅಲ್ಲೇ ಬಿಟ್ಟು, ನೀರು ಎರಚಾಡುತ್ತ ದಡಕ್ಕೆ ಓಡಿ ಬಂದ. ಅವಳ ಕೈಯಿಂದ ಕೋಲು ಕಿತ್ತುಕೊಂಡು ಮೇಲೆಳೆದ. ಕೊಕ್ಕೆಯಲ್ಲಿ ಎರೆಹುಳ ಚುಚ್ಚಿದ ಹಾಗೇ ಇತ್ತು.

"ಎಲ್ಲಿದೆ ಮೀನು? ತಮಾಷೆ ಮಾಡ್ತೀಯಾ?" ಎಂದು ರೇಗಿದ.

ಇಂದುಮತಿ ಎರಡೂ ಕೈಯಿಂದ ಅವನ ತೋಳು ಹಿಡಿದು, ದಡದ ಮೇಲಕ್ಕೆ ಎಳೆಯತೊಡಗಿದಳು. ಅವಳ ಕಣ್ಣು ನೆಟ್ಟ ಕಡೆಗೆ ಅವನೂ ತಿರುಗಿ ನೋಡಿದ.

ಈಗಷ್ಟೇ ಅವನು ನಿಂತಿದ್ದ ಜಾಗದಲ್ಲಿ ಮೊಸಳೆಯೊಂದು ಸದ್ದಿಲ್ಲದೆ ಮುಳುಗುತ್ತಿತ್ತು.