ಗಿರಣಿಯ ಬೂಟು

ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮಾತು. ಗಿರಣಿಯ ಫುಟ್‌ಬಾಲ್ ತಂಡದವರು ಹುಟ್ಟಿದಾಗಿನಿಂದ ಬರಿಗಾಲಿನಲ್ಲೇ ಆಡಿದವರು. ಆ ವರ್ಷ ಕಪ್ ಪಂದ್ಯಾವಳಿಗೆ ಬೂಟು ಕಡ್ಡಾಯವೆಂಬ ಹೊಸ ನಿಯಮ ಬಂತು. ಗಿರಣಿ ಕೊಟ್ಟ ಬೂಟು ತೊಟ್ಟು, ಎಡವುತ್ತ, ಕಾಲಲ್ಲಿ ಬೊಬ್ಬೆ ಎಬ್ಬಿಸಿಕೊಳ್ಳುತ್ತ ಹೇಗೋ ಫೈನಲ್‌ವರೆಗೆ ತೆವಳಿಕೊಂಡು ಬಂದಿದ್ದರು.

"ನಾಳೆ ಸೋತರೆ ತಂಡವೂ ಇಲ್ಲ, ಗಿರಣಿಯಲ್ಲಿ ನಿಮಗೆ ಕೆಲಸವೂ ಇಲ್ಲ," ಎಂದರು ತಂಡದ ಸೆಕ್ರೆಟರಿ.

"ಬೂಟು ಬಿಚ್ಚೋಕೆ ಬಿಡಿ ಸ್ವಾಮಿ, ಗೆದ್ದು ತೋರಿಸ್ತೀವಿ," ಎಂದ ಕ್ಯಾಪ್ಟನ್ ಮುನಿವೆಂಕಟ. "ಇದನ್ನ ಹಾಕ್ಕೊಂಡ್ರೆ ನೆಲಾನೇ ಗೊತ್ತಾಗಲ್ಲ. ನೆಲ ಗೊತ್ತಾಗದೋನು ಚೆಂಡನ್ನೇನು ಆಡ್ತಾನೆ?"

"ಎಮ್ಮೆ ಕಾಯೋರ ಥರ ನಿಂತು ಗಿರಣಿ ಮಾನ ಕಳೀಬೇಡ್ರಯ್ಯಾ. ಬೂಟಿಲ್ಲದೆ ಮೈದಾನಕ್ಕೆ ಇಳಿಯೋ ಹಾಗಿಲ್ಲ!"

ಮುನಿವೆಂಕಟ ಎಲ್ಲರ ಬೂಟನ್ನೂ ಚೀಲಕ್ಕೆ ತುಂಬಿಕೊಂಡ. "ಹಾಗಾದ್ರೆ ಮನೆಗೆ ಒಯ್ತೀವಿ. ಕಾಲಿಗೆ ಒಗ್ಗಿಸ್ಕೊಂಡು ಬರ್ತೀವಿ."

ಮರುದಿನ ರೆಫರಿ ಅವರನ್ನು ಸಾಲಾಗಿ ನಿಲ್ಲಿಸಿ ಕಾಲು ನೋಡಿದರು. ಹೊಳೆಯುವ ಬೂಟು, ಬಿಗಿದು ಕಟ್ಟಿದ ಲೇಸು. ಆಟ ಶುರುವಾಯಿತು. ಎದುರಾಳಿಗಳಿಗೆ ಚೆಂಡು ಸಿಕ್ಕಿದ್ದೇ ಅಪರೂಪ. ಗಿರಣಿ ತಂಡ ನಾಲ್ಕು ಗೋಲು ಹೊಡೆದು ಗೆದ್ದಿತು.

ಸೆಕ್ರೆಟರಿ ಓಡಿಬಂದರು. "ನೋಡಿದ್ಯೇನೋ? ಗೆಲ್ಲಿಸಿದ್ದು ನನ್ನ ಬೂಟು! ಕೊಡು ಒಂದು, ಕಪ್ ಪಕ್ಕ ಗಾಜಿನ ಬೀರುವಿನಲ್ಲಿ ಇಡಿಸ್ತೀನಿ."

"ಧಾರಾಳವಾಗಿ ಇಡಿಸಿ ಸ್ವಾಮಿ," ಎಂದು ಮುನಿವೆಂಕಟ ಬಲಗಾಲಿನದನ್ನು ಬಿಚ್ಚಿಕೊಟ್ಟ.

ಜನಕ್ಕೆಲ್ಲ ಕಾಣಲೆಂದು ಸೆಕ್ರೆಟರಿ ಬೂಟಿನೊಳಗೆ ಕೈ ತೂರಿಸಿ ಮೇಲೆತ್ತಿದರು. ಐದೂ ಬೆರಳು ಅಟ್ಟೆಯೇ ಇಲ್ಲದ ಬೂಟಿನ ತಳದಿಂದ ಆಚೆ ಬಂದವು.